ಎಕ್ಸ್‌ರೇ ಕೆಂಚಯ್ಯನಿಗೆ ಮಾತು ಬಂದದ್ದು

ಎಕ್ಸ್‌ರೇ ತೆಗೆಯುವುದೆಂದರೆ ಗುಂಡಿ ಒತ್ತುವ ಕೆಲಸ ಎಂದು ಯಾರಾದರೂ ನನ್ನ ಮುಂದೆ ಹೇಳಿದರೆ ಮೈಯೆಲ್ಲ ಉರಿಯುತ್ತದೆ. ಗುಂಡಿಯನ್ನು ಕೋತಿಯೂ ಒತ್ತೀತು. ಒತ್ತುವುದಕ್ಕೆ ಮುಂಚಿನ ಎರಡು ನಿಮಿಷ ಇದೆಯಲ್ಲ, ಅಲ್ಲಿ ಮನುಷ್ಯ ಬೇಕು. ಇದು ನನ್ನ ಸ್ವಂತ ಬುದ್ಧಿಯಲ್ಲ. ಕಟ್ಟಾಯದ ಕೆಂಚಯ್ಯನ ಪಕ್ಕದಲ್ಲಿ ಎಂಟು ವರ್ಷ ಕೂತು ಕಲಿತದ್ದು.

ಅರವತ್ತನೇ ಇಸವಿಯ ಆಸುಪಾಸಿನಲ್ಲಿ ಕ್ಷಯರೋಗ ಪತ್ತೆ ಮಾಡಲು ಹಾಸನದಿಂದ ಒಂದು ಎಕ್ಸ್‌ರೇ ವ್ಯಾನು ಹೊರಡುತ್ತಿತ್ತು. ಒಂದು ತಿಂಗಳು ಹೊಳೆನರಸೀಪುರದ ಕಡೆ, ಒಂದು ತಿಂಗಳು ಅರಕಲಗೂಡು, ಆಮೇಲೆ ಚನ್ನರಾಯಪಟ್ಟಣ. ವ್ಯಾನು ಓಡಿಸುವವನು ರುದ್ರಯ್ಯ. ಬಂದವರ ಹೆಸರು, ವಯಸ್ಸು ಬರೆದುಕೊಳ್ಳುವ ಗುಮಾಸ್ತ ನಾನು, ಈಶ್ವರಯ್ಯ. ಎದೆಯ ಚಿತ್ರ ತೆಗೆಯುವವನು ಕೆಂಚಯ್ಯ. ಹೆಂಗಸರನ್ನು ನೋಡಿಕೊಳ್ಳಲು ನರ್ಸು ಪಾರ್ವತಮ್ಮನವರು ಬರಬೇಕಿತ್ತು. ಹೆರಿಗೆ ಇಲ್ಲದ ದಿನ ಬರುತ್ತಿದ್ದರು, ಇದ್ದ ದಿನ ಇಲ್ಲ.

ಕೆಂಚಯ್ಯನ ಕೆಲಸವನ್ನು ನೋಡಬೇಕಿತ್ತು ನೀವು. ಎದೆ ಒತ್ತಿ ನಿಲ್ಲಬೇಕಾದ ತಗಡು ಮುಂಜಾನೆ ಐಸಿನಂತೆ ಕೊರೆಯುತ್ತಿತ್ತು. ಅದನ್ನು ಪ್ರತಿಯೊಬ್ಬರಿಗೂ ಒಗೆದ ಬಟ್ಟೆಯಲ್ಲಿ ಒರೆಸಿ, ಅಂಗೈಯಿಂದ ಉಜ್ಜಿ, "ಒಸಿ ತಣ್ಣಗಿರ್ತದೆ ಕಣವ್ವ, ಬೆಚ್ಬ್ಯಾಡಿ" ಎನ್ನುತ್ತಿದ್ದ. ಉಸಿರು ಹಿಡಿಯಿರಿ ಎಂದರೆ ನಮ್ಮ ಹೆಂಗಸರು ಸೆರಗಿನಿಂದ ಮೂಗು ಹಿಡಿದುಕೊಳ್ಳುತ್ತಿದ್ದರು. ಅವನು ಹೇಳುತ್ತಿದ್ದದ್ದೇ ಬೇರೆ: "ಒಲೆ ಊದಾಕೆ ಕೊಳವೆ ತಗತೀರಲ್ಲ, ಊದಕ್ ಮುಂಚೆ ಉಸ್ರು ಎಳ್ಕತೀರಲ್ಲ, ಅಂಗೆ ಎಳ್ಕಳಿ. ಊದ್ಬ್ಯಾಡಿ, ಅಂಗೇ ನಿಂತ್ಕಳಿ." ಅಷ್ಟೇ. ಎಂಬತ್ತರ ಮುದುಕಿಯೂ ಕಲ್ಲಿನಂತೆ ನಿಲ್ಲುತ್ತಿದ್ದಳು. ಶಾಂತಿಗ್ರಾಮದಲ್ಲಿ ಒಮ್ಮೆ ಅವನಿಗೆ ಜ್ವರ ಬಂದು ಬೇರೊಬ್ಬನನ್ನು ಕರೆದುಕೊಂಡು ಹೋದೆವು. ಸಾಲಿನಲ್ಲಿದ್ದ ಹೆಂಗಸರು "ಕೆಂಚಯ್ಯ ಬಂದ್ಮೇಲೆ ಬತ್ತೀವಿ" ಎಂದು ಮನೆಗೆ ಹೋಗಿಬಿಟ್ಟರು.

ಆದರೆ ಮೊದಲಿಗೆ ಅವನು ಹೀಗಿರಲಿಲ್ಲ. ಯಾರ ಬಾಯಲ್ಲಾದರೂ ಎಳ್ಳು ನೆನೆಯುವುದಿದ್ದರೆ ಅದು ಇವನ ಬಾಯಲ್ಲಿ. ನೆನೆಯುವುದೇನು, ಮೊಳಕೆಯೂ ಒಡೆಯುತ್ತಿತ್ತು ಎಂದು ನಾನು ರೇಗಿಸುತ್ತಿದ್ದೆ. ರೇಗಿಸಿದರೂ ಮಾತಿಲ್ಲ. ಅವರಪ್ಪ ಶಿವಯ್ಯ ಕಟ್ಟಾಯದ ಗೌಡರ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರು. ಮಗ ಹಾಸನದ ಹಾಸ್ಟೆಲಿನಲ್ಲಿದ್ದು ಓದಿ, ಎಸ್ಸೆಸ್ಸೆಲ್ಸಿ ಪಾಸು ಮಾಡಿ, ಮೈಸೂರಿನಲ್ಲಿ ಒಂದು ವರ್ಷ ಎಕ್ಸ್‌ರೇ ಕಲಿತು ಬಂದ. ಅವನ ಕೇರಿಯಲ್ಲಿ ಸರ್ಕಾರಿ ಕೆಲಸ ಕಂಡ ಮೊದಲನೆಯವನು ಅವನೇ. ಯಂತ್ರದ ಒಂದೊಂದು ತಿರುಪೂ ಅವನ ಕೈಗೆ ಗೊತ್ತಿತ್ತು. ಜನರೆಂದರೆ ಮಾತ್ರ ಕೈಕಾಲು ಕಟ್ಟಿಹೋಗುತ್ತಿತ್ತು. ಯಾಕೆ ಎಂದು ನಾನು ಕೇಳಲಿಲ್ಲ, ಕೇಳಬೇಕಾದ್ದೂ ಇರಲಿಲ್ಲ. ನಾನೇ ಆಗ ಬುತ್ತಿ ಬಿಚ್ಚುವಾಗ ಅವನಿಂದ ಹತ್ತು ಮಾರು ದೂರ ಕೂರುತ್ತಿದ್ದೆ. ಅದನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಅವನಿಗೆ ಮಾತು ಬಂದದ್ದು ಅರವತ್ತೆರಡರಲ್ಲಿ. ಊರು ಹೊಳೆನರಸೀಪುರದಿಂದ ಅರಕಲಗೂಡಿಗೆ ಹೋಗುವ ದಾರಿಯಲ್ಲಿದೆ. ಹೆಸರು ಹೇಳುವುದಿಲ್ಲ, ಆ ಮನೆಯ ಮೊಮ್ಮಕ್ಕಳು ಅಲ್ಲೇ ಇದ್ದಾರೆ. ಅವತ್ತು ಶುಕ್ರವಾರ. ಇನ್ನೂರಕ್ಕೂ ಮಿಕ್ಕಿ ಜನ, ಪಾರ್ವತಮ್ಮನವರು ಬಂದಿರಲಿಲ್ಲ. ನಾನು ಊಟದ ಹೊತ್ತು ಮೀರಿತೆಂದು "ಮುಂದೆ ಹೋಗಿ, ಮುಂದೆ ಹೋಗಿ" ಎಂದು ಕಿರುಚುತ್ತಿದ್ದೆ. ಆ ಸಾಲಿನಲ್ಲಿ ಊರ ದೊಡ್ಡ ಮನೆಯ ನಂಜಪ್ಪನ ಹೆಂಡತಿ ಪುಟ್ಟತಾಯಮ್ಮ ಇದ್ದಳು. ಇಪ್ಪತ್ತು ದಾಟದ ಹುಡುಗಿ, ಎಂಟು ತಿಂಗಳ ಕೂಸಿನ ತಾಯಿ. ಶೀತವಾಗಿ ಹತ್ತು ದಿನದಿಂದ ಕೆಮ್ಮು. ಎಣ್ಣೆನೀರು ಹಾಕಿಕೊಂಡು, ಒದ್ದೆ ತಲೆಗೂದಲನ್ನು ದಪ್ಪವಾಗಿ ಹೆಣೆದು, ಬೆನ್ನು ನೆನೆಯುತ್ತದೆಂದು ಜಡೆಯನ್ನು ಭುಜದ ಮೇಲಿಂದ ಮುಂದಕ್ಕೆ ಹಾಕಿಕೊಂಡಿದ್ದಳು. ಹಾಗೆಯೇ ತಗಡಿಗೆ ಎದೆ ಒತ್ತಿ ನಿಂತಳು. ಚಿತ್ರ ತೆಗೆಯುವಾಗ ಜಡೆಯನ್ನು ತಲೆಯ ಮೇಲೆ ಎತ್ತಿ ಕಟ್ಟಬೇಕು. ಕೆಂಚಯ್ಯ ಅದನ್ನು ಹೇಳಲಿಲ್ಲ. ಗುಂಡಿ ಒತ್ತಿದ. ನಾನು ಮುಂದಿನವರ ಹೆಸರು ಕೂಗಿದೆ.

ಮೂರು ವಾರ ಕಳೆದ ಮೇಲೆ, ಒಂದು ಶನಿವಾರ, ನಂಜಪ್ಪ ಹಾಸನದ ನಮ್ಮ ಆಫೀಸಿಗೆ ಬಂದ. ಕೈಯಲ್ಲಿ ನಾವು ಕಳಿಸಿದ ಕಾರ್ಡು. ಬೆಂಕಿಪೊಟ್ಟಣದಷ್ಟು ಅಗಲದ ಆ ಚಿತ್ರ ನೋಡಿ ಡಾಕ್ಟರು ಬರೆದದ್ದು ಇಷ್ಟೇ: ಎಡಗಡೆ ಮೇಲ್ಭಾಗದಲ್ಲಿ ನೆರಳಿದೆ, ಕ್ಷಯದ ಸಂಶಯ, ಮತ್ತೊಮ್ಮೆ ನೋಡಬೇಕು. ಊರಿನವರು ಸಂಶಯ ಎಂಬ ಮಾತನ್ನು ಓದುತ್ತಾರೆಯೇ? ಕ್ಷಯ ಎಂಬುದೊಂದೇ ಸಾಕಾಯಿತು.

"ಮಗೀಗೆ ಅಂಟ್ಕತದಾ ಸಾ?" ಎಂದ ನಂಜಪ್ಪ. "ನಮ್ಮವ್ವ ಅವ್ಳ ಕೈಗೆ ಕೂಸು ಕೊಡ್ತಾ ಇಲ್ಲ. ಸೋಮ್ವಾರ ಅವ್ಳನ್ನ ತೌರಿಗೆ ಬುಟ್ಬುಟ್ಟು ಬತ್ತೀನಿ. ಕೂಸು ನಮ್ಮತ್ರನೇ ಇರ್ತದೆ."

"ಮತ್ತೆ ಯಾವಾಗ ಕರ್ಕೊಂಡು ಬರ್ತೀಯ?" ಎಂದೆ.

ಅವನು ಕಾರ್ಡನ್ನು ಮಡಿಸಿ ಜೇಬಿಗಿಟ್ಟ. ಬೇರೆ ಹೆಣ್ಣು ನೋಡುವ ಮಾತು ಮನೆಯಲ್ಲಿ ಆಗಲೇ ಎದ್ದಿದೆ ಎಂಬುದು ಅವನ ಮುಖದಲ್ಲೇ ಕಾಣುತ್ತಿತ್ತು.

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಕೆಂಚಯ್ಯ ಒಳಗೆ ಹೋಗಿ ಪೆಟ್ಟಿಗೆ ಹುಡುಕಿ ಆ ಫಿಲಂ ತಂದ. ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ನಂಜಪ್ಪ ಹೋದ ಮೇಲೆ ನನ್ನ ಹತ್ತಿರ ಬಂದ.

"ಸಾ, ಶ್ವಾಸಕೋಶ ಇಲ್ಲಿಗೆ ಮುಗೀತದೆ. ಈ ನೆಳ್ಳು ನೋಡಿ, ಕುತ್ಗೆ ತಂಕ ಓಗೈತೆ. ರೋಗ ಶ್ವಾಸಕೋಶ ದಾಟಿ ಕುತ್ಗೆಗೆ ಎಂಗೋದಾತು? ಇದು ಜಡೆ ಕಣ್ ಸಾ."

"ಎತ್ತಿ ಕಟ್ಟು ಅನ್ನಬಾರದಿತ್ತೇನಯ್ಯ ಆವತ್ತು?"

"ಅನ್ಬೇಕು ಅಂತ ಬಾಯಿಗೆ ಬಂದಿತ್ತು. ದೊಡ್ಮನೆ ಸೊಸೆ. ನನ್ನಂಥೋನು ಆಯಮ್ಮನ ಜಡೆ ಸುದ್ದಿ ಎತ್ತುದ್ರೆ ಊರ್ನಾಗೆ ಏನಾಯ್ತದೋ ಅಂತ ನುಂಗ್ಕಂಡೆ."

ನಾನು ಬೈಯಲು ಬಾಯಿ ತೆರೆದೆ. ಕಿರುಚಿ ಸಾಲು ತಳ್ಳಿದವನು ನಾನೇ ಎಂಬುದು ನೆನಪಾಗಿ ಮುಚ್ಚಿಕೊಂಡೆ. ಅವನು ನೇರ ಡಾಕ್ಟರ ಹತ್ತಿರ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಡಾಕ್ಟರು ಫಿಲಂ ನೋಡಿ, ನನಗೂ ಹೊಳೆಯಬೇಕಿತ್ತು ಎಂದರು. "ನಾಳೆ ಭಾನುವಾರ. ವ್ಯಾನು ತಗೊಂಡು ಹೋಗು, ದೊಡ್ಡ ಫಿಲಮ್ಮಿನಲ್ಲಿ ಮತ್ತೆ ತೆಗೆದುಕೊಂಡು ಬಾ. ಅವರು ಒಪ್ಪಬೇಕಲ್ಲ, ಅದು ನಿನ್ನ ಪಾಲಿಗೆ."

ಮರುದಿನ ನಾನೂ ಜೊತೆಗೆ ಹೊರಟೆ. ದಾರಿಯುದ್ದಕ್ಕೂ ಕೆಂಚಯ್ಯನ ತುಟಿ ಅಲ್ಲಾಡುತ್ತಿತ್ತು. ಏನು ಹೇಳಬೇಕೆಂದು ಅಭ್ಯಾಸ ಮಾಡಿಕೊಳ್ಳುತ್ತಿದ್ದ ಪಾಪ.

ನಂಜಪ್ಪನ ತಾಯಿ ಬೆಟ್ಟಮ್ಮ ಜಗಲಿಯ ಮೇಲೆ ಕೂಸನ್ನು ತೊಡೆಯಲ್ಲಿಟ್ಟುಕೊಂಡು ಕೂತಿದ್ದರು. ಗಂಡ ಹೋದ ಮೇಲೆ ಇಪ್ಪತ್ತು ವರ್ಷ ಬೇಸಾಯ ನಡೆಸಿದ ಹೆಂಗಸು. ಕೆಟ್ಟವರಲ್ಲ, ಮೊಮ್ಮಗುವಿನ ಜೀವಕ್ಕೆ ಹೆದರಿದವರು. ಕೆಂಚಯ್ಯ ಅಂಗಳದಲ್ಲೇ ನಿಂತ.

"ಅಮ್ಮಾವ್ರೆ, ನಿಮ್ಮ ಸೊಸೆ ಚಿತ್ರ ಕೆಟ್ಟೈತೆ. ತಪ್ಪು ನಂದು. ಜಡೆ ಮುಂದುಕ್ಕಿತ್ತು, ಅದ್ರ ನೆಳ್ಳು ಎದೆ ಮ್ಯಾಲೆ ಬಿದ್ದದೆ. ಎತ್ತಿ ಕಟ್ಟಿ ಅನ್ನಾಕೆ ನಂಗೆ ಎದ್ರಿಕೆ ಆಯ್ತು."

"ಯಾವೂರ್ಲಾ ನಿಂದು?"

"ಕಟ್ಟಾಯ. ಕೂಲಿ ಶಿವಯ್ಯನ ಮಗ." ಯಾವ ಕೇರಿ ಎಂಬುದನ್ನೂ ಕೇಳುವ ಮುಂಚೆಯೇ ಹೇಳಿದ.

ಬೆಟ್ಟಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದರು. "ಅಂದಿದ್ರೆ ಉಗೀತಿದ್ದೆ."

"ಉಗುಸ್ಕತಿದ್ದೆ ಕಣ್ರವ್ವಾ. ಉಗುಸ್ಕಳಾಕೆ ಎದ್ರಿ ತಾಯಿ ಮಗೀನ ಬ್ಯಾರೆ ಮಾಡ್ಬುಟ್ಟೆ. ಅದ್ಕಿಂತ ಉಗುಸ್ಕಳದೇ ವಾಸಿ."

ನಾನು ಮೂರು ವರ್ಷದಲ್ಲಿ ಅವನ ಬಾಯಿಂದ ಅಷ್ಟು ಮಾತು ಬಂದದ್ದನ್ನು ಕೇಳಿರಲಿಲ್ಲ. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಮಾತು ಬಾರದವನು ಹೇಗೋ ಏನೋ ನಿಜ ಹೇಳಿದರೂ ಜಗಳ ಆಗುವುದಿಲ್ಲ ಎಂದು ಅವತ್ತು ತಿಳಿಯಿತು.

ಆದರೂ ಬೆಟ್ಟಮ್ಮ ಒಪ್ಪಲಿಲ್ಲ. "ಆ ಮಿಸಿನ್ನಿಗೆ ಒಂದ್ಸಲ ಒಡ್ಡಿದ್ದಕ್ಕೆ ಒಂದು ರೋಗ ಅಂತು. ಇನ್ನೊಂದ್ಸಲ ಒಡ್ಡುದ್ರೆ ಇನ್ನೊಂದು ಅಂತದೆ. ಓಗ್ರಪ್ಪ."

ಕೆಂಚಯ್ಯ ಯೋಚಿಸಿದ. "ಅಂಗಾದ್ರೆ ಮೊದ್ಲು ನೀವು ನಿಂತ್ಕಂಡು ನೋಡಿ. ನಿಮ್ಗೆ ಏನೂ ಆಗ್ದಿದ್ರೆ ಆಮ್ಯಾಲೆ ಸೊಸೆ ನಿಂತ್ಕಳ್ಳಿ. ಆಗ್ದು ಅನ್ಸುದ್ರೆ ವ್ಯಾನು ತಿರುಗುಸ್ಕಂಡು ಓಯ್ತೀವಿ."

ಬೆಟ್ಟಮ್ಮನ ವಯಸ್ಸು ಐವತ್ತೈದು, ಒಂದು ದಿನ ಮಾತ್ರೆ ನುಂಗಿದವರಲ್ಲ. ಮೊದಲ ಸಲ ವ್ಯಾನು ಬಂದ ದಿನ ಸಾಲಿಗೇ ಬಂದಿರಲಿಲ್ಲ. ಈಗ ಹಟಕ್ಕೆ ಎದ್ದು ಬಂದರು. ಒಲೆ ಊದುವ ಮಾತನ್ನು ಕೆಂಚಯ್ಯ ಹುಟ್ಟಿಸಿಕೊಂಡದ್ದು ಆಗಲೇ, ಆ ಅಂಗಳದಲ್ಲೇ, ಅವರಿಗಾಗಿ. ಅವರು ಉಸಿರೆಳೆದುಕೊಂಡರು. ಕೆಮ್ಮು ಬಂತು. ಇನ್ನೊಮ್ಮೆ ಎಳೆದುಕೊಂಡರು, ಮತ್ತೆ ಕೆಮ್ಮು. "ಒಗೆಸೊಪ್ಪಿನ ಕೆಮ್ಮು ಕಣ್ಲಾ" ಎಂದರು. ಮೂರನೆಯ ಸಲಕ್ಕೆ ಚಿತ್ರ ಬಂತು. ಆಮೇಲೆ ಪುಟ್ಟತಾಯಮ್ಮ ಬಂದಳು. ಕೆಂಚಯ್ಯ ಬೆನ್ನು ತಿರುಗಿಸಿ ನಿಂತು, "ಅತ್ತೆ ಕೈಲಿ ಜಡೆ ಎತ್ತಿ ಕಟ್ಟುಸ್ಕಳಿ ತಾಯಿ" ಎಂದ. ಬೆಟ್ಟಮ್ಮ ಸೊಸೆಯ ಜಡೆಯನ್ನು ಸುತ್ತಿ ನೆತ್ತಿಯ ಮೇಲೆ ಗಂಟು ಹಾಕಿದರು. ಅವರು ಸೊಸೆಯನ್ನು ಮುಟ್ಟಿ ಎಷ್ಟು ದಿನವಾಗಿತ್ತೋ, ಗಂಟು ಹಾಕುವಾಗ ಅವಳ ಕಣ್ಣಿಂದ ನೀರು ಇಳಿಯಿತು.

ವ್ಯಾನಿನ ಹಿಂಭಾಗದ ಕತ್ತಲೆ ಗೂಡಿನಲ್ಲಿ ಫಿಲಂ ತೊಳೆದು ಹೊರಗೆ ಬಂದ ಕೆಂಚಯ್ಯನ ಮುಖ ಬೆವರಿತ್ತು. ನಂಜಪ್ಪ ಏನಾಯಿತೆಂದು ಕೇಳಿದ. "ನಾನು ಡಾಕ್ಟ್ರಲ್ಲ ಕಣಪ್ಪ, ಅವ್ರು ನೋಡ್ಲಿ. ನಾಳೆ ನಾನು ಬರೋಗಂಟ ತೌರಿಗೆ ಗಾಡಿ ಒರಡುಸ್ಬ್ಯಾಡ" ಎಂದಷ್ಟೇ ಹೇಳಿದ. ದಾರಿಯಲ್ಲಿ ನನಗೂ ಹೇಳಲಿಲ್ಲ.

ಸಂಜೆ ಡಾಕ್ಟರು ಎರಡೂ ಫಿಲಂ ನೋಡಿ ಎರಡು ಕಾಗದ ಬರೆದರು. ಸೊಸೆಯ ಎದೆ ತಿಳಿಯಾಗಿತ್ತು. ಅತ್ತೆಯ ಎದೆಯಲ್ಲಿ ಬಲಗಡೆ ರೋಗ ಚೆನ್ನಾಗಿ ಬೇರೂರಿತ್ತು. "ನಾನು ಬಂದರೆ ಆಸ್ಪತ್ರೆಗೆ ಎಳೆದುಕೊಂಡು ಹೋಗಲು ಬಂದರು ಅಂದುಕೊಳ್ಳುತ್ತಾರೆ. ನೀನೇ ಹೋಗಿ ಹೇಳು" ಎಂದು ಕೆಂಚಯ್ಯನ ಕೈಗೆ ಮಾತ್ರೆ ಡಬ್ಬಿ ಕೊಟ್ಟರು. ಇಂಥ ಕೆಲಸ ಅವರು ಅದುವರೆಗೆ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ.

ಸೋಮವಾರ ಮೊದಲ ಬಸ್ಸಿಗೆ ನಾವಿಬ್ಬರೇ ಹೋದೆವು. ಅಂಗಳದಲ್ಲಿ ಗಾಡಿ ಕಟ್ಟಿತ್ತು. ಪುಟ್ಟತಾಯಮ್ಮನ ಟ್ರಂಕು ಅದರ ಮೇಲಿತ್ತು. ಅವಳು ಬಾಗಿಲ ಪಕ್ಕ ಗೋಡೆಗೆ ಅಂಟಿಕೊಂಡು ನಿಂತಿದ್ದಳು. ಕೂಸು ಬೆಟ್ಟಮ್ಮನ ತೊಡೆಯ ಮೇಲೆ.

"ನಿಮ್ಮ ಸೊಸೆಗೆ ಏನೂ ಇಲ್ಲ ಅಮ್ಮಾವ್ರೆ. ಡಾಕ್ಟ್ರು ಬರ್ದು ಕೊಟ್ಟವ್ರೆ" ಎಂದ ಕೆಂಚಯ್ಯ.

ನಂಜಪ್ಪ ಗಾಡಿಯ ಚಕ್ರ ಹಿಡಿದು ಕುಕ್ಕರಿಸಿದ. ಬೆಟ್ಟಮ್ಮ "ದ್ಯಾವ್ರು ದೊಡ್ಡೋನು" ಎಂದು ಕೂಸಿನ ತಲೆ ನೇವರಿಸಿದರು. ಆಮೇಲೆ ಅವರ ಕಣ್ಣು ಕೆಂಚಯ್ಯನ ಕೈ ಮೇಲೆ ಬಿತ್ತು.

"ಅದ್ಯಾವ್ದುಲಾ, ಇನ್ನೊಂದು ಕಾಗ್ದ?"

ಕೆಂಚಯ್ಯ ಜಗಲಿಯ ಹತ್ತಿರಕ್ಕೆ ಹೋಗಿ ಅವರ ಮುಖಕ್ಕೆ ತನ್ನ ಮುಖ ನೇರವಾಗುವಂತೆ ನಿಂತ. ದನಿ ಎತ್ತಲಿಲ್ಲ. "ಮೊದ್ಲು ಮಗೀನ ಅವ್ರ ತಾಯಿ ಕೈಗೆ ಕೊಡಿ ಅಮ್ಮಾವ್ರೆ. ಆಮ್ಯಾಲೆ ಯೋಳ್ತೀನಿ."

ಬೆಟ್ಟಮ್ಮನಿಗೆ ಅಷ್ಟು ಸಾಕಾಯಿತು. ಎರಡೂ ಕೈಯಲ್ಲಿ ಕೂಸನ್ನು ಎತ್ತಿ, ತಮ್ಮ ಮೈಯಿಂದ ದೂರ ಹಿಡಿದರು. ಪುಟ್ಟತಾಯಮ್ಮ ಬಂದು ತೆಗೆದುಕೊಂಡಳು.

"ಈಗ ಇದು ಸಾಯೋ ಕಾಯ್ಲೆ ಅಲ್ಲ" ಎಂದ ಕೆಂಚಯ್ಯ. "ಮಾತ್ರೆ ತಂದಿವ್ನಿ. ಒಂದೂವರೆ ವರ್ಸ ತಪ್ಪುಸ್ದಂಗೆ ನುಂಗಿ, ವಾಸಿ ಆಯ್ತದೆ. ಪಾರ್ವತಮ್ಮೋರು ಬಂದು ಸೂಜಿ ಆಕ್ತಾರೆ. ಮನೇಲೇ ಇರ್ಬೋದು. ಕೂಸು ಒಂದು ಒಸಿ ದಿನ ದೂರ ಇರ್ಲಿ."

ಬೆಟ್ಟಮ್ಮ ಕೇಳಿಸಿಕೊಂಡಂತೆ ಕಾಣಲಿಲ್ಲ. ಗಾಡಿಯನ್ನೇ ನೋಡುತ್ತಿದ್ದರು.

"ನಂಜ" ಎಂದರು. "ಗಾಡಿ ಎಂಗೂ ಕಟ್ಟಿದ್ದೀಯ. ನನ್ನ ಎಲ್ಲಿಗ್ ಬುಟ್ಟು ಬತ್ತೀಯಪ್ಪ? ನಂಗೆ ತೌರಲ್ಲಿ ಯಾರೂ ಉಳ್ದಿಲ್ಲ ಕಣೋ."

ನಂಜಪ್ಪ ತಲೆ ಎತ್ತಲಿಲ್ಲ. ನಾನು ಏನಾದರೂ ಸಮಾಧಾನ ಹೇಳಲು ಹೊರಟೆ. ಕೆಂಚಯ್ಯ ನನ್ನ ತೋಳು ಹಿಡಿದು ತಡೆದ. ಇದಕ್ಕೆ ಉತ್ತರ ಹೇಳಬೇಕಾದವರು ನಾವಲ್ಲ ಎಂದು ಅವನಿಗೆ ಗೊತ್ತಿತ್ತು. ಅವನು ಪುಟ್ಟತಾಯಮ್ಮನ ಕಡೆ ನೋಡಿದ.

ಪುಟ್ಟತಾಯಮ್ಮ ಕೂಸನ್ನು ಸೊಂಟಕ್ಕೆ ಏರಿಸಿಕೊಂಡು ಅಂಗಳಕ್ಕೆ ಇಳಿದಳು. ಒಂದೇ ಕೈಯಲ್ಲಿ ಗಾಡಿಯಿಂದ ಟ್ರಂಕನ್ನು ಎಳೆದು ಕೆಳಗಿಟ್ಟಳು. ಆಮೇಲೆ ಕೆಂಚಯ್ಯನ ಮುಂದೆ ಬಂದು, ಡಬ್ಬಿಗಾಗಿ ಅಂಗೈ ಚಾಚಿದಳು.

"ಎತ್ತು ಬಿಚ್ಚಿ" ಎಂದಳು ಗಂಡನಿಗೆ. "ನಮ್ಮತ್ತೆ ಎಲ್ಗೂ ಓಗಕ್ಕಿಲ್ಲ. ಮಾತ್ರೆ ನಾನು ಕೊಡ್ತೀನಿ."