ಮಗ್ಗ ನಿಂತ ಮಧ್ಯಾಹ್ನ

ಬೆಟಗೇರಿಯ ನಮ್ಮ ಮನೆಯಲ್ಲಿ ಅಡುಗೆಮನೆಗೂ ಮಗ್ಗದ ಕೋಣೆಗೂ ನಡುವೆ ಒಂದೇ ಗೋಡೆ. ನಾನು ಈಚೆ ರೊಟ್ಟಿ ಬಡಿಯುತ್ತಿದ್ದರೆ ಆಚೆ ನನ್ನ ಗಂಡ ಸೀರೆ ನೇಯುತ್ತಿದ್ದರು. ನೂಲನ್ನು ಒತ್ತಿ ಕೂಡಿಸುವ ಹಣಿಗೆ ಬಡಿಯುವ ಸದ್ದು ಕಿವಿಗೆ ಬೀಳುತ್ತಿರುವವರೆಗೆ ನನ್ನ ಜೀವ ನಿರಾಳ. ಸದ್ದು ನಿಂತಿತೋ, ಕೈಯಲ್ಲಿ ಏನಿದೆಯೋ ಅದನ್ನೇ ಹಿಡಿದುಕೊಂಡು ಓಡುತ್ತಿದ್ದೆ. ನೇಯಲು ಎರಡು ಕೈ ಎರಡು ಕಾಲು ಬೇಕು, ಕುಡಿಯಲು ಮೂರನೇ ಕೈ ಎಲ್ಲಿಂದ ತರುತ್ತಾರೆ ಎಂಬುದು ನನ್ನ ಜಾಣತನ.

ಹೊರಗೆ ಹೋಗಿ ಬಂದರೆ ಹೊಸ್ತಿಲಲ್ಲೇ ನಿಲ್ಲಿಸಿ, "ಬಾಯಿ ತಗೀರಿ" ಎನ್ನುತ್ತಿದ್ದೆ. ಮೂಸಿ ನೋಡಿದ ಮೇಲೆಯೇ ಒಳಗೆ ಬಿಡುವುದು. ಅವರೂ ಶಾಲೆಯ ಹುಡುಗನ ಹಾಗೆ ಬಾಯಿ ತೆರೆದು ನಿಲ್ಲುತ್ತಿದ್ದರು. ಮಗ್ಗದಿಂದ ಎದ್ದು ಬಂದವರನ್ನು ಮಾತ್ರ ಮೂಸುತ್ತಿರಲಿಲ್ಲ. ಎಲೆ ಅಡಿಕೆ, ಲವಂಗ ಜಗಿಯುತ್ತಾ ಬಂದು ಊಟಕ್ಕೆ ಕೂಡುತ್ತಿದ್ದರು. ಆದರೂ ವಾರಕ್ಕೆರಡು ಸಲ ನಾಲಿಗೆ ತೊದಲುತ್ತಿತ್ತು. ಎಲ್ಲಿ ಕುಡಿದರು, ಯಾವಾಗ ಕುಡಿದರು? ನನ್ನ ತಲೆ ಕೆಟ್ಟು ಕೆರ ಹಿಡಿಯುತ್ತಿತ್ತು.

ಒಂದು ದಿನ ಮಗಳ ಕಾಲೇಜಿನ ಗೆಳತಿಯರು ಮನೆಗೆ ಬಂದಿದ್ದಾಗ, ಅವರೆದುರೇ ಇವರು ಕುಡಿದು ನೀರಿನ ಕೊಡದ ಮೇಲೆ ಧಪ್ಪನೆ ಬಿದ್ದರು. ಮಗಳು ಎರಡು ದಿನ ಕೋಣೆಯಿಂದ ಹೊರಗೆ ಬರಲಿಲ್ಲ. ಮೂರನೆಯ ದಿನ ನಾನು ಗಂಡನ ಮುಂದೆ ನಿಂತು ಹೇಳಿದೆ: "ಇನ್ನೊಮ್ಮಿ ಕುಡದ್ರ ಮಗಳನ್ನ ಕರ್ಕೊಂಡು ಮುಂಡರಗಿಗೆ ಹೊಕ್ಕೀನಿ. ತಿರುಗಿ ಬರೂದಿಲ್ಲ. ಖರೆ ಹೇಳತೀನಿ." ಬರೀ ಬಾಯಿಮಾತಲ್ಲ. ಮುಂಡರಗಿಯಲ್ಲಿ ನನ್ನ ಅಣ್ಣ ಆಗಲೇ ಒಂದು ಕೋಣೆ ಖಾಲಿ ಮಾಡಿಟ್ಟಿದ್ದ.

ಹೆದರಿದ್ದು ಮಗಳು. ಫೋನಿನಲ್ಲೇ ಮುಖ ನೋಡುತ್ತಾ ಕುಡಿತ ಬಿಡಿಸುವ ಆಪ್ತಸಲಹೆ ಕೊಡುತ್ತಾರೆಂದು ಎಲ್ಲೋ ಹುಡುಕಿ ತಂದಳು. ಗದಗಿನ ಆಸ್ಪತ್ರೆಗೆ ಹೋಗೋಣವೆಂದರೆ ಇವರು ಒಪ್ಪುವ ಪೈಕಿಯಲ್ಲ. ಬೆಟಗೇರಿಯಿಂದ ಗದಗಿಗೆ ಹೋಗುವಷ್ಟರಲ್ಲಿ ಹತ್ತು ಮಂದಿ "ಎಲ್ಲಿಗ್ರಿ?" ಎಂದು ಕೇಳುತ್ತಾರೆ. ಫೋನಾದರೆ ಯಾರಿಗೂ ಖಬರ ಇರುವುದಿಲ್ಲವೆಂದು ಹೂಂ ಅಂದರು.

ಮೊದಲ ಗುರುವಾರ ನಾನು ಅವರ ತಲೆ ಬಾಚಿ, ಇಸ್ತ್ರಿ ಅಂಗಿ ತೊಡಿಸಿ, ಹಿಂದಿನ ಗೋಡೆಗೆ ಹೊಸ ಚಾದರ ಕಟ್ಟಿದೆ. ಮನೆಗೆ ದೊಡ್ಡವರು ಬಂದಾಗ ಎಲ್ಲರೂ ಎದುರು ಕೂಡುವುದು ನಮ್ಮ ರೀತಿ. ನಾನೂ ಮಗಳೂ ಅಕ್ಕಪಕ್ಕ ಕೂತೆವು. ಚಹಾ ತಂದವಳು ಮರೆತು ಒಂದು ಕಪ್ಪನ್ನು ಫೋನಿನ ಮುಂದೂ ಇಟ್ಟೆ. ಆಚೆ ಇದ್ದ ಹೆಣ್ಣುಮಗಳು ನಕ್ಕರು. ಬೆಂಗಳೂರು ಕಡೆಯ ಮಾತು, ತಣ್ಣಗಿನ ದನಿ. ಇವರು ಅವರನ್ನು ಅಕ್ಕಾರು ಎಂದೇ ಕರೆದರು. ಅಕ್ಕಾರು ಎಲ್ಲ ಕೇಳಿಸಿಕೊಂಡು, "ಇನ್ನುಮುಂದೆ ಯಜಮಾನರ ಜೊತೆ ನಾನೊಬ್ಬಳೇ ಮಾತಾಡ್ತೀನಮ್ಮ" ಎಂದುಬಿಟ್ಟರು.

ನನಗೆ ಮೈಯೆಲ್ಲ ಉರಿಯಿತು. ಇಪ್ಪತ್ತು ವರ್ಷ ಬಾಳಿದವಳು ನಾನು, ನನ್ನನ್ನೇ ಹೊರಗೆ ಹಾಕುವುದೇ! ಆದರೂ ಬಾಯಿ ಮುಚ್ಚಿಕೊಂಡೆ. ಮುಂದಿನ ಎರಡು ಗುರುವಾರ ಅವರು ಮಗ್ಗದ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು, ನೇಯುತ್ತಲೇ ಮಾತಾಡಿದರು. "ಕೈ ಖಾಲಿ ಇದ್ರ ನನಗ ಮಾತು ಬರೂದಿಲ್ಲ" ಎಂಬುದು ಅವರ ಸಬೂಬು. ನನಗೂ ಅದೇ ಬೇಕಿತ್ತು. ಸದ್ದು ಕೇಳುತ್ತಿತ್ತಲ್ಲ.

ನಾಲ್ಕನೆಯ ಗುರುವಾರ ಮಧ್ಯಾಹ್ನ ಮಗ್ಗ ಒಮ್ಮೆಲೇ ನಿಂತಿತು. ಹಿಟ್ಟಿನ ಕೈಯಲ್ಲೇ ಹೋಗಿ ಬಾಗಿಲು ದೂಡಿದೆ. "ಎಲ್ಲಿಟ್ಟೀರಿ? ತಗೀರಿ ಹೊರಗ! ಬಾಯಿ ತಗೀರಿ!" ಎಂದು ಅವರ ಗಲ್ಲ ಹಿಡಿದೆ. ಗಲ್ಲ ಒದ್ದೆಯಾಗಿತ್ತು. ಆ ಮನುಷ್ಯ ಅಳುತ್ತಿದ್ದರು. ಅವರ ಅವ್ವ ಸತ್ತಾಗಲೂ ನಾನು ಆ ಕಣ್ಣೀರು ಕಂಡಿರಲಿಲ್ಲ.

"ಮಗ್ಗದ ಸಪ್ಪಳಕ್ಕ ನನ್ನ ಮಾತು ಕೇಳವಲ್ದು ಅಂದ್ರು ಅಕ್ಕಾರು. ಅದಕ್ಕ ನಿಲ್ಲಿಸಿದೆ," ಎಂದರು. ಫೋನನ್ನು ಬೋರಲು ಹಾಕಿ ಎದ್ದು ಹೋದರು. ಗಲ್ಲದ ಮೇಲೆ ನನ್ನ ಹಿಟ್ಟಿನ ಬೆರಳುಗಳು ಹಾಗೇ ಮೂಡಿದ್ದವು.

ಆ ರಾತ್ರಿ ಎಲ್ಲರಿಗೂ ಕಾಣುವಂತೆ ಕುಡಿದು ಬಂದರು. ಮರುದಿನ ನಾನು ಟ್ರಂಕು ತೆಗೆದು ಸೀರೆ ಜೋಡಿಸತೊಡಗಿದೆ. ಮಗಳು ಅಳುತ್ತಾ, "ಇನ್ನೊಂದ ಗುರುವಾರ ನೋಡವ್ವಾ" ಎಂದಳು. ಆಯಿತು, ಒಂದೇ ಒಂದು ಎಂದೆ.

ಗುರುವಾರ ಹೇಳಿದ ಹೊತ್ತಿಗೆ ಫೋನು ಬಂತು. ಇವರು ನೇಯ್ದ ಸೀರೆ ಕೊಡಲು ಹೋದವರು ಬಂದಿರಲಿಲ್ಲ. ಬೇಕೆಂದೇ ತಡಮಾಡುತ್ತಿದ್ದಾರೆಂದು ನನಗೆ ಗೊತ್ತಿತ್ತು. ಫೋನು ಎತ್ತಿಕೊಂಡು ಮಗ್ಗದ ಕೋಣೆಗೆ ಹೋಗಿ ಅಕ್ಕಾರ ಮೇಲೆ ಹರಿಹಾಯ್ದೆ.

"ಬಿಡಸ್ತೀನಿ ಅಂತ ಬಂದ್ರಿ, ಹೆಚ್ಚ ಮಾಡಿ ಇಟ್ರಿ! ಅವತ್ತ ಏನ ಹೇಳಿದ್ರು ನಿಮ್ಮ ಮುಂದ? ನನಗ ಹೇಳ್ರಿ!"

ಅವರು ಸಿಟ್ಟಾಗಲಿಲ್ಲ. "ಅವರು ಹೇಳಿದ್ದನ್ನ ನಾನು ನಿಮಗೆ ಹೇಳೋ ಹಾಗಿಲ್ಲಮ್ಮ. ನಿಮ್ಮದು ಹೇಳಿ. ಮಗ್ಗ ನಿಂತಾಗ ನಿಮಗೆ ಏನಾಗುತ್ತೆ?"

ಇಷ್ಟು ವರ್ಷದಲ್ಲಿ ನನ್ನನ್ನು ಹಾಗೆ ಕೇಳಿದವರು ಒಬ್ಬರೂ ಇಲ್ಲ. ಎದೆ ಹೊಡೆದುಕೊಳ್ಳುತ್ತದೆ ಎಂದೆ. ಕಾಲಲ್ಲಿ ಶಕ್ತಿಯೇ ಇರುವುದಿಲ್ಲ, ಆದರೂ ಓಡುತ್ತೇನೆ ಎಂದೆ. ಹೇಳುತ್ತಾ ಹೇಳುತ್ತಾ ನಿಲ್ಲಲಾಗದೆ ಮಗ್ಗದ ಮುಂದೆಯೇ ಕುಸಿದು ಕೂತೆ. ನಮ್ಮದು ನೆಲದಲ್ಲಿ ಕುಣಿ ತೋಡಿದ ಮಗ್ಗ. ನೇಯುವವರು ಅಂಚಿಗೆ ಕೂತು ಕಾಲನ್ನು ಕುಣಿಯೊಳಗೆ ಇಳಿಬಿಡಬೇಕು. ಅದು ಅವರ ಜಾಗ, ನಾನೆಂದೂ ಅಲ್ಲಿ ಕೂತವಳಲ್ಲ. ಕಾಲಿಳಿಬಿಟ್ಟೆ. ಹಿಮ್ಮಡಿಗೆ ಏನೋ ತಣ್ಣಗೆ ತಾಕಿತು. ಬಗ್ಗಿ ಕೈ ಹಾಕಿದರೆ ಕುಣಿಯ ಗೋಡೆಯಲ್ಲಿ ಕೆತ್ತಿದ ಗೂಡು, ಗೂಡಿನಲ್ಲಿ ಅರ್ಧ ಖಾಲಿಯಾದ ಬಾಟಲಿ.

ತಲೆ ಎತ್ತಿದರೆ ಇವರು ಬಾಗಿಲಲ್ಲಿ ನಿಂತಿದ್ದರು.

"ಎಷ್ಟ ದಿನದಿಂದ?" ಎಂದೆ.

"ಭಾಳ ವರ್ಷಾತು. ನೂಲಿನ ಲಾಳಿ ಒಗೀತಿರಲಿಲ್ಲ. ಒಂದ ಕೈಯಾಗ ಬರೇ ಹಣಿಗಿ ಬಡೀತಿದ್ದೆ, ನೀ ಕೇಳಲಿ ಅಂತ."

ಲಾಳಿಯೊಳಗೆ ಹಾಕಲೆಂದು ನಾನು ನೂಲು ಸುತ್ತಿಟ್ಟ ಕಂಡಿಕೆಗಳು ಬುಟ್ಟಿಯಲ್ಲಿ ಹಾಗೇ ಉಳಿಯುತ್ತಿದ್ದುದು ನೆನಪಾಯಿತು. ಮೂರು ದಿನದ ಸೀರೆ ಐದು ದಿನ ಹಿಡಿದರೆ ವಯಸ್ಸಾಯಿತು ಪಾಪ ಎಂದುಕೊಳ್ಳುತ್ತಿದ್ದೆ. ನನಗೆ ನಗು ಬಂತು, ಹಿಂದೆಯೇ ಅಳು ಬಂತು. ಸದ್ದು ಕೇಳಿ ನಾನು ನೆಮ್ಮದಿಯಾಗಿದ್ದ ಹೊತ್ತಿನಲ್ಲೇ ಅವರು ಕುಡಿಯುತ್ತಿದ್ದರು. ಸದ್ದು ನಿಂತ ಆ ಒಂದು ಮಧ್ಯಾಹ್ನ ಕುಡಿದಿರಲಿಲ್ಲ, ಬಾಯಿಬಿಟ್ಟು ತಮ್ಮ ಸಂಕಟ ಹೇಳಿಕೊಳ್ಳುತ್ತಿದ್ದರು. ನಾನು ಅವತ್ತೇ ಹೋಗಿ ಗಲ್ಲ ಹಿಡಿದಿದ್ದೆ.

ಬಾಟಲಿಯನ್ನು ಅವರ ಕೈಗೇ ಕೊಟ್ಟೆ. ಬಚ್ಚಲಿಗೆ ಹೋಗಿ ಸುರಿದು ಬಂದರು. ಫೋನು ಇನ್ನೂ ನಡೆದೇ ಇತ್ತು. "ಮುಂದಿನ ಗುರುವಾರ ಮಗ್ಗ ನಿಲ್ಲಿಸೇ ಮಾತಾಡ್ರಿ. ನಾ ಬರೂದಿಲ್ಲ," ಎಂದು ಇವರಿಗೆ ಹೇಳಿದೆ. ಕೈ ನಡುಗಿದರೆ ಡಾಕ್ಟರನ್ನು ಕಾಣಲೇಬೇಕೆಂದು ಅಕ್ಕಾರು ಹೇಳಿದ್ದಕ್ಕೆ, ಹತ್ತು ಮಂದಿ ಕೇಳಿದರೂ ಕೇಳಲಿ ಎಂದು ಗದಗಿಗೂ ಹೋಗಿ ಬಂದರು. ಟ್ರಂಕು ಮಾತ್ರ ಕಟ್ಟಿದ ಹಾಗೇ ಇತ್ತು.

ಆ ಗುರುವಾರ ಮಗ್ಗ ನಿಂತಾಗ ನಾನು ಹೆಂಚಿನ ಮುಂದಿದ್ದೆ. ಎದೆ ಹೊಡೆದುಕೊಂಡಿತು. ಏಳಬಾರದೆಂದು ಒಲೆಕಟ್ಟೆ ಹಿಡಿದು ಕೂತೆ. ಆಚೆಯಿಂದ ಹಣಿಗೆಯ ಒಂದು ಸದ್ದೂ ಇಲ್ಲ. ರೊಟ್ಟಿ ಸೀದು ಹೊಗೆ ಎದ್ದಿತು, ತೆಗೆಯಲು ಕೈ ಬರಲಿಲ್ಲ. ಅಷ್ಟು ಉದ್ದದ ಮಧ್ಯಾಹ್ನವನ್ನು ನನ್ನ ಜನ್ಮದಲ್ಲೇ ಕಂಡಿಲ್ಲ.

ಕೊನೆಗೆ ಬಾಗಿಲು ತೆರೆದರು. ಕಣ್ಣು ಕೆಂಪಗಿದ್ದವು. ನೇರ ನನ್ನ ಮುಂದೆ ಬಂದು, ನಾನು ಕೇಳದೆಯೇ ಬಗ್ಗಿ ಬಾಯಿ ತೆರೆದು ನಿಂತರು.

"ಮುಚ್ರಿ ಬಾಯಿ," ಎಂದೆ. "ರೊಟ್ಟಿ ಹತ್ತೇತಿ. ಇದ್ದದ್ದನ್ನ ಉಣ್ಣಾಕ ಕುಂಡ್ರಿ."