ಪುಸ್ತಕದ ಅಕ್ಕ, ಮಗ್ಗದ ಅಕ್ಕ

ಆ ಕಾದಂಬರಿಯನ್ನು ಓದಲು ಕೊಟ್ಟವರು ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನ ಮೇಡಂ. ಒಂದು ದೊಡ್ಡ ಮನೆಯ ಕಥೆ. ತಾಯಿ ಇಲ್ಲದ ಆ ಮನೆಯಲ್ಲಿ ತಮ್ಮ-ತಂಗಿಯರನ್ನೆಲ್ಲ ಹಿರಿಯಕ್ಕನೇ ಸಾಕುತ್ತಾಳೆ. ಕೊನೆಯ ತಂಗಿಯನ್ನು ಒಪ್ಪಿಕೊಂಡು ಗಂಡಿನ ಕಡೆಯವರು ಬರೆದ ಪತ್ರ ಅವಳ ಕೈಗೇ ಸಿಗುತ್ತದೆ. ಅದನ್ನು ಒಲೆಗೆ ಹಾಕುತ್ತಾಳೆ, ಯಾರಿಗೂ ಹೇಳುವುದಿಲ್ಲ. ತಂಗಿ ವರ್ಷಗಟ್ಟಲೆ ಬಾಗಿಲು ನೋಡುತ್ತಾ ಕೂರುತ್ತಾಳೆ.

"ಮುಗಿಸಿದ್ರಾ? ಎಂಥ ಹೆಂಗ್ಸು ಅಲ್ವಾ," ಎಂದರು ಮೇಡಂ, ಊಟದ ಡಬ್ಬಿ ಬಿಚ್ಚುತ್ತಾ.

"ಪಾಪ ಅನ್ನಿಸ್ತು ಮೇಡಂ."

"ಯಾರು, ತಂಗಿನಾ?"

"ಅಲ್ಲ. ಅಕ್ಕ."

ಅವರು ನಕ್ಕುಬಿಟ್ಟರು. "ನಿಮ್ ಸ್ವಂತ ಅಕ್ಕ ಹಿಂಗ್ ಮಾಡಿದ್ರೆ ಗೊತ್ತಾಗ್ತಿತ್ತು. ಪುಸ್ತಕದಲ್ಲಾದ್ರೆ ಎಲ್ರೂ ಪಾಪಾನೇ ಬಿಡಿ."

ಅವರಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ. ಚಪಾತಿ ಅರ್ಧಕ್ಕೇ ಬಿಟ್ಟು ಡಬ್ಬಿ ಮುಚ್ಚಿದೆ.

ನಮ್ಮದು ದೊಡ್ಡಬಳ್ಳಾಪುರದ ಮಗ್ಗದ ಮನೆ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಅದು ಯಾರೂ ಪುಕ್ಕಟೆ ಕೊಟ್ಟದ್ದಲ್ಲ. ನನಗಿಂತ ಆರು ವರ್ಷ ದೊಡ್ಡವಳಾದ ಅಕ್ಕ ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟು ಅಪ್ಪನ ಜೊತೆ ಪವರ್‌ಲೂಮಿಗೆ ನಿಂತಳು. ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತಿಕೊಡುವುದು ನನ್ನ ಪಾಲಿನ ಕೆಲಸ. ಪರೀಕ್ಷೆ ಹತ್ತಿರ ಬಂದರೆ ಆ ಪಾಲನ್ನೂ ಅವಳೇ ಸುತ್ತುತ್ತಿದ್ದಳು.

ಮಗ್ಗ ಓಡುವ ಮನೆಯಲ್ಲಿ ಮಾತು ಕಿವಿಗೆ ಬೀಳುವುದಿಲ್ಲ. ತುಟಿ ನೋಡಿ ಮಾತು ತಿಳಿಯುವುದನ್ನು ನಾವು ಚಿಕ್ಕಂದಿನಲ್ಲೇ ಕಲಿತುಬಿಡುತ್ತೇವೆ. ನಾನೂ ಅಕ್ಕನೂ ದಿನವಿಡೀ ದನಿಯಿಲ್ಲದೆ ಹರಟುತ್ತಿದ್ದೆವು. ಅಪ್ಪ ಬೆನ್ನು ತಿರುಗಿಸಿದರೆ ಸಾಕು, ಅಕ್ಕ ಮಗ್ಗದ ಆಚೆಯಿಂದ ಅವನನ್ನು ಅಣಕಿಸುತ್ತಿದ್ದಳು. ನಾನು ಯಾಕೆ ನಗುತ್ತಿದ್ದೇನೆಂದು ಅವನಿಗೆ ಗೊತ್ತಾಗುತ್ತಲೇ ಇರಲಿಲ್ಲ.

ಡಿಗ್ರಿಯ ಕೊನೆಯ ಪೇಪರಿನ ದಿನ ಬೆಳಗ್ಗೆ ಹಾಲ್ ಟಿಕೆಟ್ ಕಾಣಲಿಲ್ಲ. ಮನೆಯೆಲ್ಲ ಜಾಲಾಡಿದೆ. ಅಕ್ಕನೂ ಜೊತೆಗೆ ಹುಡುಕಿದಳು. ಕಾಲೇಜಿಗೆ ಓಡಿ, ಬೇಡಿಕೊಂಡು, ಇನ್ನೊಂದು ಬರೆಸಿಕೊಳ್ಳುವಷ್ಟರಲ್ಲಿ ಹೊತ್ತು ಮೀರಿತ್ತು. ಒಳಗೆ ಬಿಡಲಿಲ್ಲ. ಒಂದು ವಾರ ಕಳೆದ ಮೇಲೆ ಕಂಡಿಕೆ ಬುಟ್ಟಿಯ ತಳದಲ್ಲಿ ಹಾಲ್ ಟಿಕೆಟ್ ಸಿಕ್ಕಿತು. ಅದನ್ನು ಹಿಡಿದು ಅಕ್ಕನ ಮುಂದೆ ನಿಂತೆ. ಅವಳು ಮಗ್ಗ ನಿಲ್ಲಿಸಲಿಲ್ಲ.

"ನಾನೇ," ಎಂದವು ತುಟಿಗಳು. ಅಷ್ಟೇ.

ಆ ಪೇಪರನ್ನು ಮುಂದಿನ ಸಲ ಬರೆದು ಪಾಸು ಮಾಡಿದೆ, ಕೆಲಸ ಹಿಡಿದೆ, ಮನೆ ಬಿಟ್ಟೆ. ಹನ್ನೊಂದು ವರ್ಷವಾಯಿತು. ಅಪ್ಪ ತೀರಿಕೊಂಡಾಗ ಹೋಗಿದ್ದೆ. ವರ್ಷಕ್ಕೊಮ್ಮೆ ತಿಥಿಗೆ ಹೋಗುತ್ತೇನೆ. ಅಕ್ಕನ ಮುಖ ಮಾತ್ರ ನೋಡುವುದಿಲ್ಲ. ಮಗ್ಗದ ಮನೆಯಲ್ಲಿ ಮುಖ ನೋಡದಿದ್ದರೆ ಮಾತೇ ಇಲ್ಲ.

ಈಗ ಅರಿಶಿನಕುಂಟೆಯಲ್ಲಿ, ಹೈವೇಗೆ ಅಂಟಿಕೊಂಡ ಒಂದು ರೂಮಿನಲ್ಲಿದ್ದೇನೆ. ಲಾರಿಗಳ ಸದ್ದಿಗೆ ಬೇರೆ ಯಾರೂ ಅಲ್ಲಿ ನಿಲ್ಲುತ್ತಿರಲಿಲ್ಲವಂತೆ. ನನಗೆ ಸದ್ದಿಲ್ಲದ ಮನೆ ಆಗುವುದಿಲ್ಲ. ಬಾಗಿಲು ತೆಗೆದರೆ ಎದುರಿಗೇ ಕಾಣುವ ಹಾಗೆ ಡಿಗ್ರಿ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ತೂಗುಹಾಕಿದ್ದೇನೆ. ಬಾಗಿಲು ತೆಗೆಯುವವಳು ನಾನೊಬ್ಬಳೇ.

ಮೇಡಂ ಆಡಿದ ಮಾತು ಆ ರೂಮಿಗೂ ಬಂತು. ಕಾದಂಬರಿಯನ್ನು ಮತ್ತೆ ತೆಗೆದೆ. ಆ ಅಕ್ಕ ನನಗೆ ಯಾಕೆ ಪಾಪ ಅನ್ನಿಸಿದಳು? ಪತ್ರ ಸುಟ್ಟ ದಿನ ಅವಳು ಒಬ್ಬಳೇ ಅಡುಗೆಮನೆಯಲ್ಲಿ ಕೂತು, ಎಲ್ಲರ ತಟ್ಟೆಗಳನ್ನೂ ಸಾಲಾಗಿ ಇಟ್ಟು, ಕೊನೆಯ ತಂಗಿಯದನ್ನು ತೆಗೆದು ನೋಡುತ್ತಾಳೆ, ಮತ್ತೆ ಅದೇ ಜಾಗದಲ್ಲಿ ಇಡುತ್ತಾಳೆ. ಬರೆದವರು ಅದನ್ನು ತೋರಿಸಿದ್ದರು. ನನ್ನ ಅಕ್ಕ ಒಬ್ಬಳೇ ಇದ್ದದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ನೋಡದೆಯೇ ಹನ್ನೊಂದು ವರ್ಷ ತೀರ್ಪು ಕೊಟ್ಟುಕೊಂಡು ಕೂತಿದ್ದೆ. ಕಾಗದದ ಹೆಂಗಸಿಗೆ ಕೊಟ್ಟ ಕನಿಕರವನ್ನು ಅವಳಿಗೂ ಕೊಡಬಲ್ಲೆನೇ ಎಂದು ತಿಳಿಯಬೇಕಿತ್ತು.

ಭಾನುವಾರ ಬಸ್ಸು ಹತ್ತಿದೆ.

ಬೀದಿಯ ತಿರುವಿಗೇ ಮಗ್ಗದ ಸದ್ದು ಕೇಳಿಸಿತು. ಬಾಗಿಲು ತೆರೆದಿತ್ತು. ಎರಡು ಮಗ್ಗಗಳಲ್ಲಿ ಅಪ್ಪನದು ನಿಂತೇ ಹೋಗಿತ್ತು. ಇನ್ನೊಂದರ ಮುಂದೆ ಅಕ್ಕ ನಿಂತಿದ್ದಳು. ತಲೆ ಅರ್ಧ ಬೆಳ್ಳಗಾಗಿದೆ. ನನ್ನನ್ನು ಅವಳು ನೋಡಿರಲಿಲ್ಲ. ಅವಳ ತುಟಿ ಆಡುತ್ತಿತ್ತು. ಹಾಡೇನೋ ಅಂದುಕೊಂಡೆ. ಅಲ್ಲ. ನಾನು ಕೂತು ಕಂಡಿಕೆ ಸುತ್ತುತ್ತಿದ್ದ ಸ್ಟೂಲು ಅದೇ ಮೂಲೆಯಲ್ಲಿತ್ತು. ಅದರ ಕಡೆ ತಿರುಗಿ ಅಕ್ಕ ಹೇಳುತ್ತಿದ್ದಳು: "ಉಪ್ಪು ಜಾಸ್ತಿ ಆಗೋಯ್ತು ಕಣೇ ಇವತ್ತು. ಮಜ್ಜಿಗೇಲಿ ಕಲಸ್ಕೊಂಡ್ ತಿಂದ್ಬಿಟ್ಟೆ. ನಿಂದ್ ಊಟ ಆಯ್ತಾ?"

ಹೊಸ್ತಿಲಲ್ಲಿ ನಿಂತೇ, ದನಿಯಿಲ್ಲದೆ, "ಆಯ್ತು ಕಣಕ್ಕಾ," ಅಂದೆ. ಆಗಿರಲಿಲ್ಲ.

ಅವಳು ತಲೆಯೆತ್ತಿದಳು. ಗಾಬರಿಯಾಗಿ ಮಗ್ಗ ನಿಲ್ಲಿಸಿದಳು. ಮನೆಯೆಲ್ಲ ಒಮ್ಮೆಲೇ ಸ್ತಬ್ಧವಾಯಿತು. ಆ ನಿಶ್ಶಬ್ದದಲ್ಲಿ ನಮ್ಮಿಬ್ಬರಿಗೂ ಬಾಯಿ ಬರಲಿಲ್ಲ. ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡಳು, ನಾನು ಬ್ಯಾಗಿನ ಜಿಪ್ಪು ಎಳೆದೆ. ಆಮೇಲೆ ಅವಳು ಕೈ ಚಾಚಿ ಸ್ವಿಚ್ಚು ಹಾಕಿದಳು. ಲಾಳಿ ಮತ್ತೆ ಓಡತೊಡಗಿತು.

"ಹೆದ್ರಿಕೆ ಆಗೋಗಿತ್ತು ಕಣೇ," ಎಂದವು ತುಟಿಗಳು. "ನೀನ್ ಹೋದ್ರೆ ನಾನ್ ಯಾರ್ ಹತ್ರ ಮಾತಾಡ್ಲಿ ಅಂತ."

ಹನ್ನೊಂದು ವರ್ಷ ನುಂಗಿಕೊಂಡಿದ್ದ ಪ್ರಶ್ನೆ ಆಚೆ ಬಂತು. "ಬುಟ್ಟೀಲ್ ಯಾಕಿಟ್ಟೆ? ನಾನೇ ಕೈ ಹಾಕೋ ಬುಟ್ಟಿ ಅದು. ಒಲೆಗೆ ಹಾಕಿದ್ರೆ ಗೊತ್ತೇ ಆಗ್ತಿರ್ಲಿಲ್ಲ."

ಅಕ್ಕ ನನ್ನನ್ನು ಪೆದ್ದಿಯನ್ನು ನೋಡುವ ಹಾಗೆ ನೋಡಿದಳು.

"ಒಲೆಗೆ ಹಾಕೋದಾ? ನಿನ್ ಫೋಟೋ ಇತ್ತಲ್ಲೇ ಅದ್ರಲ್ಲಿ."

ಕ್ಷಮಿಸಿಬಿಟ್ಟೆ ಎಂದು ಬರೆದರೆ ಸುಳ್ಳಾಗುತ್ತದೆ. ಮಾರ್ಕ್ಸ್ ಕಾರ್ಡಿನಲ್ಲಿ ಆ ಒಂದು ಪೇಪರು ಎರಡನೇ ಸಲದ್ದು ಎಂಬುದು ಹಾಗೆಯೇ ಇದೆ, ನಾನು ಇರುವ ತನಕ ಇರುತ್ತದೆ. ಊಟಕ್ಕೆ ಬಾ ಎಂದು ಅವಳು ಹೇಳಿದಳು, ಆಮೇಲೆ ಅಂದೆ. ನಾಲ್ಕರ ಬಸ್ಸಿಗೆ ಇನ್ನೂ ಹೊತ್ತಿತ್ತು. ಮೂಲೆಯ ಸ್ಟೂಲನ್ನು ಅವಳ ಮುಖ ಕಾಣುವ ಹಾಗೆ ತಿರುಗಿಸಿಕೊಂಡು, ಕಂಡಿಕೆ ಬುಟ್ಟಿ ಎಳೆದುಕೊಂಡು ಕೂತೆ.