ಕಾರ್ಡು ಹಾಗೆ ಹೇಳಿರಲಿಲ್ಲ

ಕಸ್ತೂರಿ, ಆ ದಿನ ಕಾರ್ಡು ನಿನಗೆ ‘ಹೋಗಬೇಡ’ ಎಂದು ಹೇಳಿರಲಿಲ್ಲ. ಹಾಗೆ ಹೇಳಿದ್ದು ನಾನು. ಕಾರ್ಡಿನಲ್ಲಿ ಇದ್ದದ್ದು ‘ದಾರಿ ತೆರೆದಿದೆ’ ಎಂದು. ಅದನ್ನು ಸರಿಯಾಗಿ ಓದಿಕೊಂಡೆ, ಅರ್ಥವನ್ನೂ ಮಾಡಿಕೊಂಡೆ, ಆಮೇಲೆ ಸುಳ್ಳು ಹೇಳಿದೆ. ಬೆಳಕು ಸಾಲದಾಗಿತ್ತು, ಕಣ್ಣು ತಪ್ಪಿತ್ತು ಎಂದು ಮನಸ್ಸಿನಲ್ಲೇ ಎಷ್ಟೋ ಸಲ ಜಾರಿಕೊಂಡು ನೋಡಿದ್ದೇನೆ. ಆದರೆ ಬೆಳಕು ಬೇಕಾದಷ್ಟಿತ್ತು.

ನೀನು ಬೀಳಗಿಯಲ್ಲಿ ಹೊಲಿಗೆ ಅಂಗಡಿ ನಡೆಸುವವಳು, ನಾನು ಜಮಖಂಡಿಯಲ್ಲಿ ಮಕ್ಕಳಿಗೆ ಗಣಿತ ಕಲಿಸುವವಳು. ಇಂಥ ಇಬ್ಬರು ಹೆಂಗಸರು ಒಂದು ರಟ್ಟಿನ ಕಾರ್ಡಿನ ವಿಷಯಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳುವುದನ್ನು ಕಂಡರೆ ಯಾರಾದರೂ ನಗುತ್ತಾರೆ. ನಗಲಿ. ಈ ಮಾತು ನಿನಗಷ್ಟೇ ಅಲ್ಲ, ನಿನ್ನ ಮಗಳು ಮೇಘಾಳಿಗೂ ತಿಳಿಯಬೇಕಾಗಿದೆ. ಅವಳಿಗೆ ನಮ್ಮ ಆಟ ಗೊತ್ತಿಲ್ಲ. ಅದಕ್ಕೆ ನಿನಗೆ ಗೊತ್ತಿರುವುದನ್ನೂ ಮೊದಲಿನಿಂದ ಹೇಳುತ್ತೇನೆ. ಬಾಯಿಂದ ಹೇಳಲು ಧೈರ್ಯ ಬರಲಿ ಎಂದು ಮೊದಲು ಬರೆದು ನೋಡುತ್ತಿದ್ದೇನೆ.

ಬನಹಟ್ಟಿಯ ನಮ್ಮ ಮನೆಯ ಹಿಂದೆ ಅಪ್ಪನ ಮಗ್ಗದ ಖೋಲಿ. ವಿದ್ಯುತ್ ಮಗ್ಗಗಳು ಓಡುತ್ತಿದ್ದರೆ ಅಲ್ಲಿ ಪಕ್ಕದಲ್ಲಿ ನಿಂತವರ ಮಾತೂ ಕೇಳುತ್ತಿರಲಿಲ್ಲ. ಸೀರೆಯ ಸೆರಗಿನ ನಕಾಶೆಗಾಗಿ ಮಗ್ಗದ ನೆತ್ತಿಯ ಮೇಲೆ ಜಕಾರ್ಡ್ ಯಂತ್ರ. ಅದರೊಳಗೆ ತೂತು ಹೊಡೆದ ರಟ್ಟಿನ ಕಾರ್ಡುಗಳನ್ನು ಸರದ ಹಾಗೆ ಪೋಣಿಸಿ ಬಿಡುತ್ತಿದ್ದರು. ತೂತು ಇದ್ದಲ್ಲಿ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಇಲ್ಲ. ಹಾಗೆ ಹೂವು, ನವಿಲು, ಬಳ್ಳಿ ಮೂಡುತ್ತವೆ. ಹಳೆಯದಾಗಿ ಬಿಸಾಡಿದ ಕಾರ್ಡುಗಳು ಮೂಲೆಯಲ್ಲಿ ಗುಡ್ಡೆ ಬಿದ್ದಿರುತ್ತಿದ್ದವು.

ನೀನು ನಮ್ಮ ಪಕ್ಕದ ಮನೆಗೆ, ನಿನ್ನ ಸೋದರತ್ತೆಯ ಮನೆಗೆ, ಸಾಲಿ ಕಲಿಯಲು ಬಂದಿದ್ದೆ. ಹೊಳೆಯ ದಂಡೆಯ ನಿಮ್ಮೂರು ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗುವುದಿತ್ತು. ಊರವರಿಗೆಲ್ಲ ದೂರದಲ್ಲಿ ಜಾಗ ಕೊಟ್ಟಿದ್ದರು, ಮನೆ ಕಟ್ಟುವ ಗಡಿಬಿಡಿಯಲ್ಲಿ ನಿನ್ನ ಓದು ಕೆಡಬಾರದೆಂದು ನಿನ್ನನ್ನು ಇಲ್ಲಿ ಬಿಟ್ಟಿದ್ದರು. ಮೊದಲ ದಿನ ನೀನು ನಮ್ಮ ಖೋಲಿಯ ಬಾಗಿಲಲ್ಲಿ ಕಿವಿ ಮುಚ್ಚಿಕೊಂಡು ನಿಂತಿದ್ದು ನೆನಪಿದೆ. ಅಷ್ಟರಲ್ಲಿ ಕರೆಂಟು ಹೋಯಿತು. ಎಲ್ಲ ಒಮ್ಮೆಲೇ ಸುಮ್ಮನಾಯಿತು. ನೀನು ಕೈ ತೆಗೆದು ಕೇಳಿದೆ, “ಈಗ ಇವು ಏನ್ ವಿಚಾರ ಮಾಡಾಕತ್ತಾವು?” ಮಗ್ಗ ವಿಚಾರ ಮಾಡುತ್ತದೆ ಎಂದು ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಆಮೇಲೆ ಸಾಲಿಯಲ್ಲಿ ವಿಜ್ಞಾನದ ಮೇಷ್ಟ್ರು, ಹಿಂದಿನ ಕಾಲದ ಕಂಪ್ಯೂಟರುಗಳೂ ತೂತಿನ ಕಾರ್ಡು ಓದುತ್ತಿದ್ದವು ಎಂದುಬಿಟ್ಟರು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವತ್ತು ಸಂಜೆಯೇ ಕೆಳಗಿನೂರು ಹುಟ್ಟಿತು.

ಕೆಳಗಿನೂರು ಎಂದರೆ ನಿಮ್ಮೂರೇ, ಆದರೆ ನೀರಿನ ತಳದಲ್ಲಿ. ನೀರು ಏರಿದ ದಿನ ಯಾರೂ ಊರು ಬಿಟ್ಟಿಲ್ಲ. ಬೆಳಕಿನ ಎಳೆಗಳನ್ನು ನೇಯ್ದು ಊರಿನ ಮೇಲೆ ಗುಮ್ಮಟ ಹೊದಿಸಿದ್ದಾರೆ. ನಾನು ಆ ಗುಮ್ಮಟದ ಇಂಜಿನಿಯರು. ನೀನು ನೀರುಸಿದ್ಧೆ — ಮೀನಿನ ಜೊತೆ, ಗೋಡೆಯ ಕಲ್ಲಿನ ಜೊತೆ ಮಾತಾಡಬಲ್ಲವಳು. ನಿಮ್ಮ ಆಯಿ, ಅಂದರೆ ನಿನ್ನ ಅಜ್ಜಿ, ಹೊಳೆಯ ಮಡುವಿನಲ್ಲಿ ಉಸಿರು ಕಟ್ಟಿ ಕೂತ ಸಿದ್ಧನ ಕಥೆ ಹೇಳುತ್ತಿದ್ದಳಂತೆ, ನೀನು ಅವನ ಮೊಮ್ಮಗಳಾದೆ. ಮೇಲಿನ ಲೋಕಕ್ಕೂ ಕೆಳಗಿನೂರಿಗೂ ಓಡಾಡುವ ಹಡಗಿಗೆ, ಮಗ್ಗದಲ್ಲಿ ನೂಲು ಹೊತ್ತು ಅತ್ತಿಂದಿತ್ತ ಓಡುವ ಲಾಳಿಯ ಹೆಸರನ್ನೇ ಇಟ್ಟೆವು. ಅದು ಮಂತ್ರದಿಂದ ಹೊರಡುತ್ತಿತ್ತು, ಬ್ಯಾಟರಿಯಿಂದ ನಿಲ್ಲುತ್ತಿತ್ತು. ಯಾಕೆ ಹಾಗೆ ಎಂದು ಇಬ್ಬರೂ ಕೇಳಿಕೊಳ್ಳಲಿಲ್ಲ. ಕರೆಂಟು ಹೋದಾಗ ಮಾತ್ರ ಆಟ. ಬಂದ ಕೂಡಲೇ ಗದ್ದಲ ಶುರು, ಹೇಳುತ್ತಿದ್ದ ವಾಕ್ಯ ಅಲ್ಲಿಗೇ ಬಂದ್. ಊರೆಲ್ಲ ಕರೆಂಟಿಗಾಗಿ ಶಾಪ ಹಾಕುತ್ತಿದ್ದರೆ ನಾವಿಬ್ಬರೇ ಅದು ಹೋಗಲಿ ಎಂದು ಕಾಯುತ್ತಿದ್ದೆವು. ಅಪ್ಪನ ಕಿವಿಗೆ ಇದು ಬಿದ್ದಿದ್ದರೆ ನನ್ನ ಬೆನ್ನು ಉಳಿಯುತ್ತಿರಲಿಲ್ಲ.

ಆ ಲೋಕಕ್ಕೆ ಕಾಯಿದೆಗಳಿದ್ದವು. ಒಬ್ಬಳು ಏನಾದರೂ ಹೇಳಿದಾಗ ಇನ್ನೊಬ್ಬಳು “ಹೂಂ, ಮುಂದ?” ಎಂದರೆ ಅದು ಖಾಯಂ, ಆಮೇಲೆ ಅಳಿಸುವಂತಿಲ್ಲ. ಯಾವುದೇ ಪಯಣಕ್ಕೆ ಮೊದಲು ಕಾರ್ಡು ಕೇಳಬೇಕು. ತೂತುಗಳಿಗೆ ನಾವೇ ಅರ್ಥ ಕಟ್ಟಿದ್ದೆವು — ಮೂರು ಒಟ್ಟಿಗಿದ್ದರೆ ನೀರು ಏರುತ್ತಿದೆ, ಒಂಟಿ ತೂತು ಎಂದರೆ ಕಾವಲು, ಪೂರ್ತಿ ಖಾಲಿ ಸಾಲು ಬಂದರೆ ದಾರಿ ತೆರೆದಿದೆ. ಕೇಳಿದವಳು ಗೋಡೆಗೆ ಮುಖ ಮಾಡಿ ನಿಲ್ಲಬೇಕು, ಇನ್ನೊಬ್ಬಳು ಓದಬೇಕು. ತನ್ನ ಕಾರ್ಡನ್ನು ತಾನೇ ಓದಿಕೊಂಡರೆ ಆಸೆ ಅಡ್ಡ ಬರುತ್ತದೆ ಎಂದು ಈ ಕಾಯಿದೆ ಮಾಡಿದವಳು ನೀನೇ. ಓದುವವಳಿಗೂ ಆಸೆ ಇರಬಹುದು ಎಂದು ನಿನಗೆ ಹೊಳೆಯಲೇ ಇಲ್ಲ — ನನ್ನನ್ನು ಅಷ್ಟು ನಂಬಿದ್ದೆ.

ಬೇಸಗೆಯ ಒಂದು ಮಧ್ಯಾಹ್ನ ನಿಮ್ಮಪ್ಪ ಬಂದರು. ಮರುದಿನ ನಿಮ್ಮ ಮನೆಯ ಬಾಗಿಲು, ತೊಲೆ, ಕಂಬ ಎಲ್ಲ ಕಿತ್ತು ಟ್ರ್ಯಾಕ್ಟರಿಗೆ ಹಾಕಿಕೊಂಡು ಹೊಸ ಜಾಗಕ್ಕೆ ಒಯ್ಯುವುದಿತ್ತು. ಕೀಳುವ ಮೊದಲು ಆಯಿ ಮನೆಗೆ ಉಡಿ ತುಂಬುತ್ತೇನೆ ಎಂದು ಹಟ ಹಿಡಿದಿದ್ದಳಂತೆ. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಉಡಿಯಲ್ಲಿ ಅಕ್ಕಿ ಹಾಕುವುದಿಲ್ಲವೇ, ಹಾಗೆ ಮನೆಯನ್ನೂ ಬರಿಗೈಯಲ್ಲಿ ನೀರಿಗೆ ಕಳಿಸಬಾರದು ಎಂದು. ಮನೆಯ ಹೆಣ್ಣುಮಕ್ಕಳೆಲ್ಲ ಹೊಸ್ತಿಲಿಗೆ ಒಂದೊಂದು ಹಿಡಿ ಅಕ್ಕಿ ಹಾಕಬೇಕು. ಅದಕ್ಕೇ ನಿನ್ನನ್ನು ಕರೆಯಲು ಬಂದಿದ್ದರು.

ನೀನು ಖುಷಿಯಿಂದ ಖೋಲಿಗೆ ಓಡಿ ಬಂದೆ. ಕರೆಂಟು ಹೋಗಿತ್ತು.

“ಶೈಲಾ, ನಾ ಊರಿಗೆ ಹೊಂಟೇನಿ. ಓಣಿ ಎಲ್ಲಾ ಹೆಜ್ಜಿ ಹಾಕಿ ಅಳದು ಬರ್ತೇನಿ. ಆಮ್ಯಾಲ ನಮ್ಮ ಕೆಳಗಿನೂರು ಖರೆ ಅಳತಿಗೆ ಬರ್ತೈತಿ ನೋಡು.”

ನೀನು ಆಗಲೇ ಹೊರಟಾಗಿತ್ತು. ಕಾರ್ಡು ಕೇಳಿದ್ದು ಬರೀ ಕಾಯಿದೆಗಾಗಿ. ಗುಡ್ಡೆಯಿಂದ ಒಂದನ್ನು ಎಳೆದು ನನ್ನ ಕೈಗೆ ಕೊಟ್ಟು ಗೋಡೆಗೆ ಮುಖ ಮಾಡಿ ನಿಂತೆ.

ಮಾಡಿನ ಬೆಳಕಿಂಡಿಯಿಂದ ಬಿಸಿಲು ಬೀಳುತ್ತಿತ್ತು. ಕಾರ್ಡನ್ನು ಅದಕ್ಕೆ ಹಿಡಿದೆ. ನಡುವೆ ಖಾಲಿ ಸಾಲು. ಈ ತುದಿಯಿಂದ ಆ ತುದಿಯವರೆಗೆ ಒಂದೂ ತೂತಿಲ್ಲ.

ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿ ಏನಿತ್ತು ಎಂದು ನೆಟ್ಟಗೆ ಹೇಳಲು ಪ್ರಯತ್ನಿಸುತ್ತೇನೆ. ನೀನು ಹೋಗಿ ಬಾಗಿಲಿಲ್ಲದ ಮನೆ, ಮಾಡು ಕಿತ್ತ ಓಣಿ ನೋಡಿ ಬಂದರೆ ಆಮೇಲೆ ಗುಮ್ಮಟ, ಲಾಳಿ ಯಾವುದನ್ನೂ ನಂಬುವುದಿಲ್ಲ, ಆಟ ಮುಗಿದುಹೋಗುತ್ತದೆ ಎಂಬ ಹೆದರಿಕೆ. ಅದು ಒಂದು. ಇನ್ನೊಂದು ಇದಕ್ಕಿಂತ ಸಣ್ಣತನದ್ದು — ಊರು ನಿನ್ನದು, ಅಜ್ಜಿ ನಿನ್ನವಳು, ಸಿದ್ಧ ನಿನ್ನವನು. ನೀನು ಅಳತೆಯನ್ನೂ ತಂದುಬಿಟ್ಟರೆ ಕೆಳಗಿನೂರಿನಲ್ಲಿ ಕೊನೆಯ ಮಾತು ಯಾವಾಗಲೂ ನಿನ್ನದೇ ಆಗುತ್ತಿತ್ತು. ನಾನು ಬರೀ ಗುಮ್ಮಟ ರಿಪೇರಿ ಮಾಡುವವಳು. ನನಗೆ ಹೊಟ್ಟೆಕಿಚ್ಚು ಆಯಿತು ಕಸ್ತೂರಿ. ಮುಳುಗುವ ಊರಿನ ಬಗ್ಗೆ ಹೊಟ್ಟೆಕಿಚ್ಚು — ಎಂಥ ಹುಡುಗಿ ನಾನು.

“ಹೋಗಬ್ಯಾಡ ಅಂತೈತಿ,” ಅಂದೆ. “ನೋಡಿದವ್ರ ಕಣ್ಣಿಗೆ ಊರು ಮತ್ತ ಕಾಣೂದಿಲ್ಲ ಅಂತ.”

ನೀನು ತಿರುಗಿದೆ. ಏನೋ ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಕರೆಂಟು ಬಂತು, ಮಗ್ಗಗಳು ಹೊಡೆದುಕೊಳ್ಳತೊಡಗಿದವು. ನಿನ್ನ ತುಟಿ ಅಲುಗುವುದು ಕಂಡಿತು, ‘ಖರೇನ?’ ಎಂದು ಕೇಳುತ್ತಿದ್ದೆ. ನಾನು ಹೂಂ ಎಂದು ಗೋಣು ಹಾಕಿದೆ. ಗೋಣು ಹಾಕದೆ ಇರಬಹುದಿತ್ತು. ಕಾರ್ಡನ್ನು ನಿನ್ನ ಕೈಗೆ ಕೊಡಬಹುದಿತ್ತು. ಅದನ್ನು ಗುಡ್ಡೆಯೊಳಗೆ ತುರುಕಿದೆ.

ಹೊರಗೆ ನೀನು ಬರುವುದಿಲ್ಲ ಎಂದಾಗ ನಿಮ್ಮಪ್ಪ ಬೈಯಲಿಲ್ಲ. ನಿನ್ನ ಅತ್ತೆಗೆ ಹೇಳಿದರು, “ಇರಲಿ ಬಿಡು ತಂಗಿ. ಸಣ್ಣ ಹುಡುಗಿ, ಅಂಜಿರಬೇಕು.” ಅಂಜಿಕೆ ಎಂಬ ಮಾತು ನಿನ್ನ ಮೇಲೆ ಬಿದ್ದದ್ದು ಅಲ್ಲಿಂದ. ನೀನು ಕಾರ್ಡಿನ ವಿಷಯ ಹೊರಗೆ ಹೇಳುವಂತಿರಲಿಲ್ಲ, ಅದೂ ಕಾಯಿದೆ. ಹಾಗಾಗಿ ಆ ಮಾತನ್ನು ಸುಮ್ಮನೆ ಹೊತ್ತುಕೊಂಡೆ.

ಮರುದಿನ ಅಲ್ಲಿ ನಡೆದದ್ದು ನಮಗೆ ಆಮೇಲೆ ಗೊತ್ತಾಯಿತು. ಆಯಿ ಮಧ್ಯಾಹ್ನದವರೆಗೆ ದಾರಿ ಕಾದಳು. ನಿಮ್ಮಪ್ಪ ಎಷ್ಟು ಹೇಳಿದರೂ ಕೇಳದೆ, ಮುಂದಿನ ಬಸ್ಸಿಗೆ ಬರುತ್ತಾಳೆ ಎಂದೇ ಕೂತಳು. ಟ್ರ್ಯಾಕ್ಟರಿನವನು ಅವಸರ ಮಾಡಿದ. ನಿಮ್ಮವ್ವ, ‘ಕಸ್ತೂರಿ ಹೆಸರಿನಲ್ಲಿ ನಾನೇ ಹಾಕುತ್ತೇನೆ’ ಅಂದರೆ ಆಯಿ ಒಪ್ಪಲಿಲ್ಲ. ಕೊನೆಗೆ ನಿನ್ನ ಹಿಡಿ ಅಕ್ಕಿಯನ್ನು ಸೆರಗಿಗೆ ಗಂಟು ಹಾಕಿಕೊಂಡೇ ಊರು ಬಿಟ್ಟಳು. ಮುಂದಿನ ವಾರ ಬನಹಟ್ಟಿಗೆ ಬಂದಾಗ ಆ ಗಂಟು ಬಿಚ್ಚಿ ನಿನ್ನ ಅಂಗೈಗೆ ಸುರಿದಳು. ನಾನು ಪಕ್ಕದಲ್ಲೇ ಇದ್ದೆ.

“ತಗೋ, ಇದು ನಿಂದು. ಇನ್ನ ಹಾಕಾಕ ಮನಿ ಇಲ್ಲ.”

ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟು ಮಾಡಿದ್ದರೆ ಒಳ್ಳೆಯದಿತ್ತು. ಅವಳಿಗೆ ನಿನ್ನ ಮೇಲಿದ್ದ ಸಲಿಗೆ ಹೋಯಿತು, ಅಷ್ಟೇ. ಆಮೇಲೆ ನೀನು ರಜೆಗೆ ಹೋದಾಗಲೆಲ್ಲ ಊಟ ಬಡಿಸುತ್ತಿದ್ದಳು, ತಲೆ ಬಾಚುತ್ತಿದ್ದಳು, ಆದರೆ ಹಳೆಯ ಊರಿನ ಸುದ್ದಿ ಬಂದರೆ ನಿನ್ನನ್ನು ಬಿಟ್ಟು ನಿನ್ನ ತಮ್ಮನಿಗೆ ಹೇಳುತ್ತಿದ್ದಳು ಎಂದು ನೀನೇ ಒಮ್ಮೆ ಹೇಳಿದ್ದೆ. ಸಿದ್ಧನ ಕಥೆಯನ್ನೂ ಮತ್ತೆ ನಿನಗೆ ಹೇಳಲಿಲ್ಲವಂತೆ.

ಆ ಸಂಜೆ ಕರೆಂಟು ಹೋದಾಗ ನೀನು ಅಕ್ಕಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಬಂದೆ. ಅತ್ತು ಕಣ್ಣು ಊದಿದ್ದವು. “ಇದನ್ನ ಲಾಳ್ಯಾಗ ಇಟ್ಟು ಕೆಳಗಿನೂರಿಗೆ ಕಳಸೂಣು,” ಅಂದೆ. “ನಮ್ಮ ಮನಿ ಹೊಸ್ತಲಕ್ಕ ಹೋಗಿ ಮುಟ್ಟಲಿ.”

ನಾನು ಆಗಲಾದರೂ — ಇಲ್ಲ. ನಾನು ಹೇಳಿದ್ದು, “ಹೂಂ, ಮುಂದ?”

ಖಾಯಂ ಆಯಿತು. ಅಕ್ಕಿಯನ್ನು ಹಳೆಯ ಲಾಳಿಯೊಂದರಲ್ಲಿ ತುಂಬಿ ಖೋಲಿಯ ಹಿಂದೆ ಹೂತೆವು. ನಾನು ಮಂತ್ರ ಹೇಳಿದೆ, ಗುಮ್ಮಟದ ಬಾಗಿಲು ತೆರೆಯಿತು ಎಂದೆ, ಹೊಸ್ತಿಲಿಗೆ ಅಕ್ಕಿ ಬಿತ್ತು ಎಂದೂ ಹೇಳಿದೆ. ನಿನ್ನ ಮುಖ ಸ್ವಲ್ಪ ಗೆಲುವಾಯಿತು. ನನಗೆ ನನ್ನ ಮೇಲೆ ಹೆಮ್ಮೆಯಾಯಿತು. ಆಮೇಲೆ ಎರಡು ಮೂರು ವರ್ಷ ಕೆಳಗಿನೂರು ಬೆಳೆಯಿತು, ನಕ್ಷತ್ರಗಳಿಗೆ ಲಾಳಿ ಹೋಯಿತು, ಚಂದ್ರನ ಮೇಲೆ ಹೊಳೆ ಹರಿಸಿದೆವು. ಅದೆಲ್ಲ ಸುಳ್ಳಿನ ಮೇಲೆ ನಿಂತಿದೆ ಎಂದು ಗೊತ್ತಿದ್ದವಳು ನಾನೊಬ್ಬಳೇ. ನನ್ನ ಬಾಲ್ಯದ ಅತ್ಯಂತ ಸುಖದ ದಿನಗಳು ಅವು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಅದು ಹಾಗೆಯೇ ಇತ್ತು.

ಇಷ್ಟೇ ಆಗಿದ್ದರೆ ಸಣ್ಣವಳ ತಪ್ಪು ಎಂದು ಕೈ ತೊಳೆದುಕೊಳ್ಳುತ್ತಿದ್ದೆನೋ ಏನೋ. ಆದರೆ ಆಯಿ ತೀರಿಕೊಂಡಾಗ ನಿಮ್ಮ ಪುನರ್ವಸತಿ ಊರಿಗೆ ಬಂದಿದ್ದೆ. ಆಗ ನಿನಗೆ ಮದುವೆಯಾಗಿ ಮಗಳಿದ್ದಳು, ನಾನು ನೌಕರಿಗೆ ಸೇರಿಯಾಗಿತ್ತು. ಮಣ್ಣು ಮಾಡಿ ಎಲ್ಲರೂ ಬಂದ ಮೇಲೆ ನೀನು ನನ್ನನ್ನು ನೀರಿನ ಟಾಕಿಯ ಹತ್ತಿರ ಕರೆದುಕೊಂಡು ಹೋದೆ.

“ಒಂದ್ ಕೇಳ್ತೇನಿ, ನಗಬ್ಯಾಡ ಶೈಲಾ. ಅವತ್ತು ಕಾರ್ಡ ಖರೇನ ಹಂಗ ಹೇಳಿತ್ತೇನ?”

ಅಲ್ಲಿ ಮಗ್ಗವಿರಲಿಲ್ಲ, ಯಾವ ಗದ್ದಲವೂ ಇರಲಿಲ್ಲ. ನೀನು ಉತ್ತರಕ್ಕೆ ಕಾದು ನಿಂತಿದ್ದೆ. ಒಂದು ಮಾತು, ‘ಇಲ್ಲ’ ಎಂದು. ಅಷ್ಟು ಹೇಳಿದ್ದರೆ ನೀನು ಅವತ್ತೇ ಒಳಗೆ ಹೋಗಿ ಆಯಿಯ ಹಾಸಿಗೆಯ ಮುಂದೆ ಬೇರೆ ರೀತಿ ಅಳಬಹುದಿತ್ತು.

“ಹೂಂ,” ಅಂದೆ. “ಹಂಗ ಇತ್ತು.”

ನೀನು ತಲೆಯಾಡಿಸಿದೆ. “ಇರಲಿ. ಕಾರ್ಡಂದೇನೈತಿ. ಹೋಗು ಅಂದಿದ್ರೂ ನಾ ಹೋಗ್ತಿದ್ದಿಲ್ಲ ಕಾಣ್ತೈತಿ. ಅಂಜಿದ್ದೆ. ಅಪ್ಪಾ ಹೇಳಿದ್ದ ಖರೆ.”

ಮೊದಲ ಸುಳ್ಳಿಗೆ ವಯಸ್ಸಿನ ನೆಪವಿದೆ. ಈ ಎರಡನೆಯದಕ್ಕೆ ಯಾವುದೂ ಇಲ್ಲ. ದೊಡ್ಡವಳಾಗಿ, ಎಲ್ಲ ತಿಳಿದು, ನಿನ್ನ ಕಣ್ಣು ನೋಡಿಕೊಂಡೇ ಹೇಳಿದೆ. ನೀನು ನನ್ನನ್ನು ಬಿಟ್ಟುಬಿಡುತ್ತೀ ಎಂದು ಹೆದರಿ ಹೇಳಿದೆ. ನೀನು ಮಾತ್ರ ನನ್ನ ಕೈ ಹಿಡಿದುಕೊಂಡು ಒಳಗೆ ಹೋದೆ, ಚಹಾ ಕೊಟ್ಟೆ.

ಕಳೆದ ದೀಪಾವಳಿಗೆ ಮೇಘಾಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದಿದ್ದೆಯಲ್ಲ. ನಮ್ಮ ಮಾಳಿಗೆಯ ಕಬ್ಬಿಣದ ಏಣಿ ಹತ್ತಲು ಅವಳು ಹಿಂದೆ ಮುಂದೆ ನೋಡುತ್ತಿದ್ದಳು. ಏನವ್ವಾ, ಇಷ್ಟಕ್ಕೇ ಹೆದರುತ್ತೀಯಾ ಎಂದು ಕಾಡಿಸಿದೆ. ಅವಳು ಥಟ್ಟನೆ ಹೇಳಿದಳು:

“ನಾನೂ ಅವ್ವನಂಗ ಅಂಜುಬುರಕಿ, ಮಾವಶಿ. ಅವ್ವ ಅಂಜಿ ಊರ ನೋಡಾಕ ಹೋಗಲಿಲ್ಲಂತ. ಆಯಿ ಕರದ್ರೂ ಹೋಗಲಿಲ್ಲಂತ.”

ನೀನು ನಕ್ಕೆ. ಅದು ಹಳೆಯ ಕಥೆ, ಎಷ್ಟೋ ಸಲ ಹೇಳಿ ಸವೆದದ್ದು ಎಂಬಂತೆ ನಕ್ಕೆ. ನಾನೂ ನಕ್ಕೆ. ಆಮೇಲೆ ಅಡಿಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ. ನಾನು ನಿನ್ನ ತಲೆಗೆ ಹಾಕಿದ ಸುಳ್ಳು ಈಗ ನಿನ್ನ ಮಗಳ ಬಾಯಲ್ಲಿ ಅವಳ ಗುಣವಾಗಿ ಕೂತಿದೆ. ಇನ್ನು ಸುಮ್ಮನಿದ್ದರೆ ಅವಳು ಅದನ್ನೇ ನಂಬಿ ಬೆಳೆಯುತ್ತಾಳೆ.

ಭಾನುವಾರ ಬರುತ್ತೇನೆ. ನಿನ್ನನ್ನು ಬದಿಗೆ ಕರೆದು ಗುಟ್ಟಾಗಿ ಹೇಳುವುದಿಲ್ಲ, ಮೇಘಾಳ ಎದುರಿಗೇ ಹೇಳುತ್ತೇನೆ. ಆಯಿ ಕರೆದಾಗ ನಿಮ್ಮವ್ವ ಹೊರಟು ನಿಂತಿದ್ದಳು, ಅವಳಿಗೆ ಎಳ್ಳಷ್ಟೂ ಅಂಜಿಕೆ ಇರಲಿಲ್ಲ, ಅಂಜಿದವಳು ನಾನು, ಅವಳ ಊರನ್ನು ಅವಳಿಗೆ ಕೊನೆಯ ಸಲ ನೋಡಗೊಡದವಳೂ ನಾನೇ ಎಂದು. ಮೇಘಾ ಏನು ಕೇಳಿದರೂ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ನೀನು ಬೈದರೆ ಕೇಳಿಸಿಕೊಳ್ಳುತ್ತೇನೆ, ಹೋಗು ಎಂದರೆ ಎದ್ದು ಬಸ್ ಹಿಡಿಯುತ್ತೇನೆ.

ಕ್ಷಮಿಸು ಎಂದು ಮಾತ್ರ ಕೇಳುವುದಿಲ್ಲ. ಕೇಳಿದರೆ ನೀನು ಕ್ಷಮಿಸಿಬಿಡುತ್ತೀ, ನನಗೆ ಗೊತ್ತು.